ಎನ್‌ಬಿಎ ಆಟಗಾರರು ಮತ್ತು ಗ್ರೀಸ್‌ನ ಲೆಕ್ಕಾಚಾರ

ಜಾಶ್ ಚಿಲ್ಡ್ರೆಸ್ 2008ರಲ್ಲಿ ಅಮೆರಿಕದ ಎನ್‌ಬಿಎ ಲೀಗ್‌ನ ಅಟ್ಲಾಂಟಾ ಹಾಕ್ಸ್ ಬಿಟ್ಟು ಗ್ರೀಸ್‌ನ ಬಂದರು ನಗರ ಪಿರೇಯಸ್‌ನ ಒಲಿಂಪಿಯಾಕೋಸ್ ಕ್ಲಬ್ ಸೇರಿದಾಗ ಬ್ಯಾಸ್ಕೆಟ್‌ಬಾಲ್ ಲೋಕವೇ ಬೆರಗಾಯಿತು. ವಯಸ್ಸಾದ ತಾರೆಯರು ಯೂರೋಪಿಗೆ ಹೋಗುವುದು ಹೊಸದೇನಲ್ಲ. ಡಾಮಿನಿಕ್ ವಿಲ್ಕಿನ್ಸ್ 1995ರಲ್ಲಿ ಗ್ರೀಸ್‌ನದೇ ಪನಾಥಿನೈಕೋಸ್ ಸೇರಿ, ಮರುವರ್ಷವೇ ಆ ಕ್ಲಬ್‌ಗೆ ಯೂರೋಪಿಯನ್ ಚಾಂಪಿಯನ್ ಪಟ್ಟ ತಂದುಕೊಟ್ಟಿದ್ದರು. ಆದರೆ ಚಿಲ್ಡ್ರೆಸ್‌ಗೆ ಆಗಿನ್ನೂ 25 ವರ್ಷ. ಎನ್‌ಬಿಎಯಲ್ಲಿ ಬೇಡಿಕೆ ಇದ್ದಾಗಲೇ ಅವರು ಹೊರಟಿದ್ದರು.

ಒಲಿಂಪಿಯಾಕೋಸ್ ಕೊಡಲೊಪ್ಪಿದ್ದು ಮೂರು ವರ್ಷಕ್ಕೆ ಸುಮಾರು 2 ಕೋಟಿ ಡಾಲರ್, ಅದೂ ತೆರಿಗೆ ಕಳೆದು ಕೈಗೆ ಸಿಗುವ ಹಣ ಎಂದು ಆಗ ವರದಿಯಾಗಿತ್ತು. ಎನ್‌ಬಿಎ ನಿಯಮದ ಪ್ರಕಾರ ಚಿಲ್ಡ್ರೆಸ್ ನಿರ್ಬಂಧಿತ ಫ್ರೀ ಏಜೆಂಟ್. ಅಮೆರಿಕದ ಬೇರೆ ಯಾವ ತಂಡ ಎಷ್ಟೇ ಕೊಡಲು ಬಂದರೂ ಅಷ್ಟೇ ಮೊತ್ತ ಕೊಟ್ಟು ಅವರನ್ನು ಉಳಿಸಿಕೊಳ್ಳುವ ಹಕ್ಕು ಅಟ್ಲಾಂಟಾಗೆ ಇತ್ತು. ಗ್ರೀಸ್‌ನ ಕ್ಲಬ್ ಮುಂದೆ ಆ ಹಕ್ಕು ನಡೆಯಲಿಲ್ಲ. ಆಟಗಾರನ ಸ್ವಾತಂತ್ರ್ಯದ ದೃಷ್ಟಿಯಿಂದ ಇದು ನಿಜಕ್ಕೂ ಒಳ್ಳೆಯ ಬೆಳವಣಿಗೆ.

ತಂಡ ಕಟ್ಟುವ ಕೆಲಸವಾಗಿ ನೋಡಿದರೆ ಅಷ್ಟು ಮೆಚ್ಚುವಂತಿಲ್ಲ. ಚಿಲ್ಡ್ರೆಸ್ ಅವರ ಬಲವೆಂದರೆ ವೇಗದ ಓಟ, ರೀಬೌಂಡ್ ಮತ್ತು ಬುಟ್ಟಿಯತ್ತ ನುಗ್ಗುವ ಆಟ. ಎನ್‌ಬಿಎಯಲ್ಲಿರುವಂತೆ ಅಂತರರಾಷ್ಟ್ರೀಯ ನಿಯಮಗಳಲ್ಲಿ ರಕ್ಷಣೆಗೆ ಮೂರು ಸೆಕೆಂಡಿನ ಮಿತಿಯಿಲ್ಲ. ಎತ್ತರದ ಆಟಗಾರ ಬುಟ್ಟಿಯ ಕೆಳಗೇ ಕಾದು ನಿಲ್ಲಬಹುದು. ಅಟ್ಲಾಂಟಾದಲ್ಲಿ ತೆರೆದಿರುತ್ತಿದ್ದ ದಾರಿ ಇಲ್ಲಿ ಮುಚ್ಚಿಕೊಂಡಿತು. ಎರಡನೇ ವರ್ಷ ಅವರ ಆಟ ಕುದುರಿತು, ತಂಡ 2010ರಲ್ಲಿ ಯೂರೋಪಿನ ಅಗ್ರ ಕ್ಲಬ್ ಟೂರ್ನಿ ಯೂರೋಲೀಗ್‌ನ ಫೈನಲ್ ತಲುಪಿ ಬಾರ್ಸಿಲೋನಾಗೆ ಸೋತಿತು. ಆ ಎರಡೂ ವರ್ಷ ಗ್ರೀಕ್ ಲೀಗ್ ಕಿರೀಟ ಎದುರಾಳಿ ಪನಾಥಿನೈಕೋಸ್ ಪಾಲಾಯಿತು. ಚಿಲ್ಡ್ರೆಸ್ ಎನ್‌ಬಿಎಗೆ ಮರಳಿ ಫೀನಿಕ್ಸ್ ತಂಡ ಸೇರಿದರು.

ಒಲಿಂಪಿಯಾಕೋಸ್ ಮತ್ತೆ ಯೂರೋಪ್ ಗೆದ್ದದ್ದು ಕೈ ಬಿಗಿಹಿಡಿದ ಮೇಲೆ.

ಗ್ರೀಸ್‌ನ ಆರ್ಥಿಕ ಬಿಕ್ಕಟ್ಟಿನ ನಡುವೆ ಖರ್ಚು ಇಳಿಸಿಕೊಂಡ ತಂಡ 2012ರ ಯೂರೋಲೀಗ್ ಫೈನಲ್‌ನಲ್ಲಿ 19 ಅಂಕಗಳ ಹಿನ್ನಡೆ ಅಳಿಸಿ ಸಿಎಸ್‌ಕೆಎ ಮಾಸ್ಕೋವನ್ನು 62–61ರಿಂದ ಮಣಿಸಿತು. 2013ರಲ್ಲಿ ಪಟ್ಟ ಉಳಿಸಿಕೊಂಡಿತು. ಮುನ್ನಡೆಸಿದವರು ವಾಸಿಲಿಸ್ ಸ್ಪಾನೂಲಿಸ್. ಹ್ಯೂಸ್ಟನ್ ತಂಡದಲ್ಲಿ ಒಂದು ಸೀಸನ್ ಹೆಚ್ಚಾಗಿ ಬೆಂಚಿನಲ್ಲೇ ಕಳೆದು 2007ರಲ್ಲಿ ತಾಯ್ನಾಡಿಗೆ ಮರಳಿದ್ದವರು. ಜೊತೆಗಿದ್ದ ಅಮೆರಿಕನ್ ಕೈಲ್ ಹೈನ್ಸ್ ಎನ್‌ಬಿಎಯಲ್ಲಿ ಒಂದೂ ಪಂದ್ಯ ಆಡಿದವರಲ್ಲ.

ಹಾಗೆಂದು ಅಮೆರಿಕದಿಂದ ಆಟಗಾರರನ್ನು ತರುವುದೇ ತಪ್ಪು ಎನ್ನಲಾಗದು. 2023ರಲ್ಲಿ ಪನಾಥಿನೈಕೋಸ್ ಸೇರಿದ ಕೆಂಡ್ರಿಕ್ ನನ್ ಅದಕ್ಕೆ ಸಾಕ್ಷಿ. ಮಯಾಮಿಯಲ್ಲಿ ಮಿಂಚಿ, ಆಮೇಲೆ ಗಾಯದಿಂದ ಹಿಂದೆ ಬಿದ್ದಿದ್ದ ಈ ಗಾರ್ಡ್‌ಗೆ ಕೋಚ್ ಎರ್ಗಿನ್ ಅಟಾಮಾನ್ ದಾಳಿಯ ಮುಖ್ಯ ಹೊಣೆಯನ್ನೇ ಒಪ್ಪಿಸಿದರು. ಪಕ್ಕದಲ್ಲಿ ಯೂರೋಪಿನ ಆಟ ಅರೆದು ಕುಡಿದ ಕೋಸ್ಟಾಸ್ ಸ್ಲೂಕಾಸ್ ಇದ್ದರು. 2024ರ ಯೂರೋಲೀಗ್ ಫೈನಲ್‌ನಲ್ಲಿ ಪನಾಥಿನೈಕೋಸ್ ಮುಂದೆ ರಿಯಲ್ ಮ್ಯಾಡ್ರಿಡ್ 95–80ರಿಂದ ಸೋತಿತು. ಮುಂದಿನ ಸೀಸನ್‌ನಲ್ಲಿ ನನ್ ಯೂರೋಲೀಗ್‌ನ ಅತ್ಯಮೂಲ್ಯ ಆಟಗಾರರಾದರು. ಚಿಲ್ಡ್ರೆಸ್‌ಗೆ ಸಿಗದೆ ನನ್‌ಗೆ ಸಿಕ್ಕಿದ್ದು ತನ್ನ ಆಟಕ್ಕೆ ಒಪ್ಪುವ ಜಾಗ. ಅದನ್ನು ಸಹಿ ಹಾಕಿಸುವ ಮೊದಲೇ ಯೋಚಿಸಿಟ್ಟಿರಬೇಕಾದವರು ಕ್ಲಬ್‌ನವರು.