ಸರಕುಬಂಡಿಯ ಬಿರುದುಗಳು

ಶಬ್ದಶಕ್ತಿಯನ್ನು ಅಭಿಧೆ, ಲಕ್ಷಣೆ, ವ್ಯಂಜನೆ ಎಂದು ವಿಭಾಗಿಸಿದ ನಮ್ಮ ಲಾಕ್ಷಣಿಕರ ಕಣ್ಣಮುಂದೆ ಇದ್ದುದು ಕವಿಯ ಮಾತು ಮಾತ್ರವಲ್ಲ. ಲೋಕದಲ್ಲಿ ನಡೆಯುವ ಮಾತೆಲ್ಲವೂ ಆ ವಿಭಾಗಕ್ಕೆ ಒಳಪಟ್ಟಿತ್ತು. ಗಂಗೆಯಲ್ಲಿ ಗೊಲ್ಲರ ಹಟ್ಟಿಯಿದೆಯೆಂಬ ಅವರ ಪ್ರಸಿದ್ಧ ಉದಾಹರಣೆಯು ಕಾವ್ಯದಿಂದ ಬಂದುದಲ್ಲ, ವ್ಯವಹಾರದಿಂದ ಬಂದುದು. ಆದುದರಿಂದ ಯಂತ್ರಯುಗದ ವ್ಯಾಪಾರವು ತನ್ನ ಗೋಡೆಗಳ ಮೇಲೆಯೂ ವಾಹನಗಳ ಮೇಲೆಯೂ ಬರೆಯಿಸಿದ ಕಿರುವಾಕ್ಯಗಳನ್ನು ಆ ಶಾಸ್ತ್ರದ ಒರೆಗಲ್ಲಿಗೆ ಹಚ್ಚುವುದು ಅನುಚಿತವಾಗಲಾರದು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ಎಪ್ಪತ್ತು ವರ್ಷಗಳಲ್ಲಿ ರೈಲ್ವೆಯ ಸರಕಿನ ಬಂಡಿಗಳ ಮೇಲೆ ಬಣ್ಣದಿಂದ ಬರೆದಿದ್ದ ಘೋಷವಾಕ್ಯಗಳೇ ಪ್ರಕೃತ ಲೇಖನದ ವಿಷಯ. ಇವು ಸಾಹಿತ್ಯವೆಂದು ವಾದಿಸುವುದು ನಮ್ಮ ಉದ್ದೇಶವಲ್ಲ. ಇವುಗಳಲ್ಲಿ ಮಾತಿನ ಕೌಶಲವೆಷ್ಟು, ಆ ಕೌಶಲವು ಎಲ್ಲಿ ಸೋಲುತ್ತದೆ, ಆ ಸೋಲಿನಿಂದ ವಿಮರ್ಶಕನು ಕಲಿಯತಕ್ಕದ್ದೇನು ಎಂಬ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಹುಡುಕುವುದಷ್ಟೇ ಇಲ್ಲಿಯ ಪ್ರಯತ್ನ.

ಮೊದಲು ಈ ವಾಕ್ಯಗಳ ಸಂದರ್ಭವನ್ನು ತಿಳಿಯಬೇಕು. ಆ ದೇಶದಲ್ಲಿ ರೈಲ್ವೆಗಳು ಬಹುಮಟ್ಟಿಗೆ ಖಾಸಗಿ ಸಂಸ್ಥೆಗಳ ಸ್ವತ್ತು. ಒಂದು ಸಂಸ್ಥೆಯ ಬಂಡಿಯಲ್ಲಿ ತುಂಬಿದ ಸರಕನ್ನು ಗಡಿಯಲ್ಲಿ ಇಳಿಸಿ ಮತ್ತೊಂದು ಸಂಸ್ಥೆಯ ಬಂಡಿಗೆ ಏರಿಸುವುದರ ಬದಲು, ಬಂಡಿಯನ್ನೇ ಎರಡನೆಯ ಸಂಸ್ಥೆಯ ಹಳಿಗಳ ಮೇಲೆ ಮುಂದಕ್ಕೆ ಕಳುಹಿಸುವ ಪದ್ಧತಿಯು ಅಲ್ಲಿ ರೂಢವಾಗಿತ್ತು. ಪರರ ಬಂಡಿಯನ್ನು ಇಟ್ಟುಕೊಂಡ ಸಂಸ್ಥೆಯು ದಿನವೊಂದಕ್ಕೆ ಇಷ್ಟೆಂದು ಬಾಡಿಗೆ ತೆರಬೇಕು. ಇದರ ಫಲವಾಗಿ ಒಂದು ಸಂಸ್ಥೆಯ ಬಂಡಿಯು ಪ್ರತಿಸ್ಪರ್ಧಿಯ ನಿಲ್ದಾಣಗಳಲ್ಲಿ, ಪ್ರತಿಸ್ಪರ್ಧಿಯ ಎಂಜಿನ್ನಿನ ಹಿಂದೆ, ಪ್ರತಿಸ್ಪರ್ಧಿಯ ಗಿರಾಕಿಗಳ ಕಣ್ಣೆದುರಿಗೆ ಓಡಾಡುತ್ತಿದ್ದಿತು. ಊರಿನ ಗೋಡೆಯ ಮೇಲಣ ಜಾಹೀರಾತು ಓದುವವನನ್ನು ಕಾದು ನಿಲ್ಲುತ್ತದೆ. ಬಂಡಿಯ ಮೇಲಣ ಜಾಹೀರಾತು ಶತ್ರುವಿನ ಕೋಟೆಯೊಳಕ್ಕೆ ಶತ್ರುವಿನ ಖರ್ಚಿನಲ್ಲಿಯೇ ಹೋಗಿ ತನ್ನ ಒಡೆಯನ ಹೆಸರನ್ನು ಸಾರುತ್ತದೆ.

ಬರೆಯುವುದಕ್ಕಿದ್ದ ಸ್ಥಳವೂ ಸಂಕುಚಿತವಾದುದು. ರೂಢಿಯಲ್ಲಿದ್ದ ಮುಚ್ಚುಬಂಡಿಯ ಉದ್ದ ಸುಮಾರು ೪೦ ಅಡಿ, ನಡುವೆ ಬಾಗಿಲು. ಬಾಗಿಲಿನ ಒಂದು ಕಡೆ ಸಂಸ್ಥೆಯ ಗುರುತಿನ ಅಕ್ಷರಗಳು, ಬಂಡಿಯ ಸಂಖ್ಯೆ, ಹೊರಬಲ್ಲ ಭಾರ, ಬರಿದಾದ ಬಂಡಿಯ ತೂಕ, ಇವು ಅವಶ್ಯವಾಗಿ ಇರತಕ್ಕವು. ಉಳಿದ ಕಡೆಯಲ್ಲಿ ಲಾಂಛನಕ್ಕೂ ಘೋಷಕ್ಕೂ ಎಡೆ. ಹಳಿ ದಾಟುವ ಕಟ್ಟೆಯಲ್ಲಿ ನಿಂತವನಿಗೆ ಬಂಡಿಯೊಂದು ಕಾಣುವುದು ಕೆಲವು ಕ್ಷಣ ಮಾತ್ರ. ಹೀಗಾಗಿ ನಾಲ್ಕೈದು ಪದಗಳಿಗೆ ಮೀರದೆ, ಒಮ್ಮೆ ಕಂಡೊಡನೆ ಕಿವಿಯಲ್ಲಿ ನಿಲ್ಲುವಂತೆ, ವಾಕ್ಯವನ್ನು ಕಟ್ಟಬೇಕಾಯಿತು. ಸೂತ್ರಕಾರರ ಅಲ್ಪಾಕ್ಷರತ್ವವನ್ನು ಇಲ್ಲಿ ವಿಧಿಸಿದುದು ಶಾಸ್ತ್ರವಲ್ಲ, ಹಲಗೆಯ ಅಳತೆ ಮತ್ತು ಗಾಡಿಯ ವೇಗ.

ಶಬ್ದಾಲಂಕಾರಗಳನ್ನು ಮೊದಲು ನೋಡೋಣ. ಸದರ್ನ್ ರೈಲ್ವೆಯ ಘೋಷವು "ದಿ ಸದರ್ನ್ ಸರ್ವ್ಸ್ ದಿ ಸೌತ್", ಎಂದರೆ "ಸದರ್ನ್ ರೈಲ್ವೆಯು ದಕ್ಷಿಣವನ್ನು ಸೇವಿಸುತ್ತದೆ" ಎಂಬುದು. ಸಕಾರವು ಮೂರು ಪದಗಳ ಆದಿಯಲ್ಲಿ ಬಂದು ಸ್ಪಷ್ಟವಾದ ವೃತ್ತ್ಯನುಪ್ರಾಸವಾಗಿದೆ. ಸಂಸ್ಥೆಯ ಹೆಸರೂ ಪ್ರದೇಶದ ಹೆಸರೂ ಒಂದೇ ಧಾತುವಿನಿಂದ ಹುಟ್ಟಿದುದರಿಂದ ಕರ್ತೃಪದ ಕರ್ಮಪದಗಳು ಒಂದರ ಪ್ರತಿಬಿಂಬವಾಗಿ ಮತ್ತೊಂದು ನಿಲ್ಲುತ್ತವೆ; ನಡುವೆ ಸೇವೆಯೆಂಬ ಕ್ರಿಯಾಪದವು ಎರಡನ್ನೂ ಬೆಸೆಯುತ್ತದೆ. ಯೂನಿಯನ್ ಪೆಸಿಫಿಕ್ ರೈಲ್ವೆಯ "ಬಿ ಸ್ಪೆಸಿಫಿಕ್, ಷಿಪ್ ಯೂನಿಯನ್ ಪೆಸಿಫಿಕ್" ಎಂಬುದು ಇನ್ನೂ ಚತುರವಾದುದು. "ನಿರ್ದಿಷ್ಟವಾಗಿ ಹೇಳಿರಿ, ಯೂನಿಯನ್ ಪೆಸಿಫಿಕ್ಕಿನಲ್ಲಿಯೇ ಸರಕನ್ನು ಕಳುಹಿಸಿರಿ" ಎಂದು ಇದರ ತಾತ್ಪರ್ಯ. ಅಂತ್ಯಪ್ರಾಸವು ಇಲ್ಲಿ ಒಂದು ಅಕ್ಷರಕ್ಕೆ ನಿಲ್ಲದೆ ಪದದ ಬಹುಭಾಗವನ್ನು ವ್ಯಾಪಿಸಿ ಯಮಕಕ್ಕೆ ಸಮೀಪವಾಗಿದೆ. ಅದಕ್ಕಿಂತ ಮುಖ್ಯವಾಗಿ, ಈ ಪ್ರಾಸವು ಬರಿಯ ಆಭರಣವಲ್ಲ. ಸರಕು ಯಾವ ಸಂಸ್ಥೆಯ ಹಳಿಯ ಮೇಲೆ ಹೋಗಬೇಕೆಂಬುದನ್ನು ಸರಕಿನವನು ಪತ್ರದಲ್ಲಿ ಸೂಚಿಸಬಹುದಾಗಿತ್ತು. ಹಾಗೆ ಹೆಸರಿಸಬೇಕೆಂಬ ಉಪದೇಶವೂ ಹೆಸರಿಸತಕ್ಕ ಹೆಸರೂ ಒಂದೇ ನಾದದಲ್ಲಿ ಕೂಡಿದುದರಿಂದ ಶಬ್ದವು ಅರ್ಥಕ್ಕೆ ದುಡಿದಿದೆ. ಪ್ರಾಸಕ್ಕಾಗಿ ಅರ್ಥವನ್ನು ಬಲಿಕೊಟ್ಟ ಎಷ್ಟೋ ಪದ್ಯಗಳಿಗಿಂತ ಈ ವಾಕ್ಯವು ಆ ಮಟ್ಟಿಗೆ ಮೇಲು.

ಅರ್ಥಾಲಂಕಾರಗಳಲ್ಲಿ ಅತಿಶಯೋಕ್ತಿಯೂ ಸ್ವಭಾವೋಕ್ತಿಯೂ ಎದುರುಬದುರಾಗಿ ನಿಲ್ಲುವುದನ್ನು ಇಲ್ಲಿ ಕಾಣಬಹುದು. ಬರ್ಲಿಂಗ್‌ಟನ್ ರೈಲ್ವೆಯು ತನ್ನ ಬಂಡಿಗಳ ಮೇಲೆ "ಎವ್ರಿವೇರ್ ವೆಸ್ಟ್", "ಪಶ್ಚಿಮದಲ್ಲಿ ಸರ್ವತ್ರ" ಎಂದು ಬರೆಯಿಸಿತು. ಆದರೆ ಆ ಸಂಸ್ಥೆಯ ಹಳಿಗಳು ಶಾಂತಸಾಗರವನ್ನು ಮುಟ್ಟಿರಲಿಲ್ಲ. ಮುಂದಣ ದಾರಿ ಇತರರದು. ಸಾಂತಾ ಫೆ ರೈಲ್ವೆಯಾದರೋ "ಷಿಪ್ ಅಂಡ್ ಟ್ರಾವೆಲ್ ಸಾಂತಾ ಫೆ ಆಲ್ ದಿ ವೇ", ಎಂದರೆ "ಸರಕನ್ನೂ ಕಳುಹಿಸಿರಿ, ನೀವೂ ಪ್ರಯಾಣಮಾಡಿರಿ, ದಾರಿಯುದ್ದಕ್ಕೂ ಸಾಂತಾ ಫೆ" ಎಂದಿತು. ಷಿಕಾಗೋ ನಗರದಿಂದ ಕ್ಯಾಲಿಫೋರ್ನಿಯದವರೆಗೆ ಆ ಸಂಸ್ಥೆಗೆ ಸ್ವಂತ ಮಾರ್ಗವಿದ್ದುದರಿಂದ "ದಾರಿಯುದ್ದಕ್ಕೂ" ಎಂಬುದು ವಾಸ್ತವ. ಮೊದಲನೆಯ ಮಾತು ಕಿವಿಗೆ ವಿಶಾಲವಾಗಿ ಕೇಳಿಸುತ್ತದೆ. ಎರಡನೆಯದು ಭೂಪಟದ ಮುಂದೆ ನಿಲ್ಲಬಲ್ಲದು. ಆ ಸಂಸ್ಥೆಯು ೧೯೪೦ರಿಂದೀಚೆಗೆ ತನ್ನ ಬಂಡಿಗಳ ಒಂದು ಮಗ್ಗುಲಿನಲ್ಲಿ ಮಾರ್ಗದ ನಕ್ಷೆಯನ್ನೇ ಬರೆಯಿಸಿ, ಇನ್ನೊಂದು ಮಗ್ಗುಲಿನಲ್ಲಿ ತನ್ನ ಪ್ರಸಿದ್ಧ ರೈಲುಗಳ ಹೆಸರನ್ನು ಬರೆಯಿಸಿದುದು ಗಮನಾರ್ಹವಾದುದು. ಒಂದು ಕಡೆ ಪ್ರಮಾಣ, ಮತ್ತೊಂದು ಕಡೆ ಪ್ರಶಂಸೆ.

ಈ ರೈಲುಗಳ ಹೆಸರುಗಳಲ್ಲಿ ಸಾಹಿತ್ಯದ ಸಂಬಂಧವೂ ಉಂಟು. ಬರ್ಲಿಂಗ್‌ಟನ್ ಸಂಸ್ಥೆಯ ಜೆಫಿರ್ ಎಂಬ ಉಕ್ಕಿನ ರೈಲು ೧೯೩೪ನೆಯ ಮೇ ೨೬ರಂದು ಡೆನ್ವರಿನಿಂದ ಷಿಕಾಗೋವರೆಗೆ ಸಾವಿರಕ್ಕೂ ಮಿಕ್ಕ ಮೈಲಿಗಳನ್ನು ಹದಿಮೂರು ಗಂಟೆ ಐದು ನಿಮಿಷಗಳಲ್ಲಿ ಓಡಿತು. ಸಂಸ್ಥೆಯ ಅಧ್ಯಕ್ಷನಾದ ರಾಲ್ಫ್ ಬಡ್ ಎಂಬವನು ಆ ಹೆಸರನ್ನು ಚಾಸರ್ ಕವಿಯ "ಕ್ಯಾಂಟರ್ಬರಿ ಕಥೆಗಳ" ಪೀಠಿಕೆಯಲ್ಲಿ ಬರುವ ಪಡುವಣ ಗಾಳಿಯ ದೇವತೆಯಿಂದ ಪಡೆದನೆಂದು ಪ್ರಸಿದ್ಧವಾಗಿದೆ. ಮಿಲ್ವಾಕಿ ಸಂಸ್ಥೆಯು ೧೯೩೫ರಲ್ಲಿ ಓಡಿಸಿದ ಹೈಯವಾಥಾ ರೈಲಿನ ಹೆಸರು ಲಾಂಗ್‌ಫೆಲೊ ಕವಿಯು ೧೮೫೫ರಲ್ಲಿ ಪ್ರಕಟಿಸಿದ ಕಾವ್ಯದ ನಾಯಕನದು. ಮುಂದೆ ಸರಕಿನ ಬಂಡಿಗಳ ಮೇಲೆ "ಜೆಫಿರುಗಳ ದಾರಿ", "ಹೈಯವಾಥಾಗಳ ಮಾರ್ಗ" ಎಂಬ ಬರೆಹಗಳು ಕಾಣಿಸಿದುವು. ಗೋಧಿಯನ್ನೋ ಮರವನ್ನೋ ಹೊತ್ತು, ದಾರಿಯಲ್ಲಿ ದಿನಗಟ್ಟಲೆ ನಿಂತು ನಿಂತು ಸಾಗುವ ಬಂಡಿಯು ತಾನೆಂದಿಗೂ ಸೇರಲಾರದ ವೇಗದ ರೈಲಿನ ಕೀರ್ತಿಯನ್ನು ಹೊತ್ತು ತಿರುಗುತ್ತದೆ. "ಇಂತಹ ರೈಲನ್ನು ನಡೆಯಿಸಬಲ್ಲವನು ನಿನ್ನ ಸರಕನ್ನೂ ಬೇಗ ಮುಟ್ಟಿಸುವನು" ಎಂಬುದು ಇಲ್ಲಿ ವಾಚ್ಯವಲ್ಲ, ವ್ಯಂಗ್ಯ. ವ್ಯಂಗ್ಯವಾಗಿರುವುದರಿಂದಲೇ ಅದಕ್ಕೆ ಬಲ; ವಾಚ್ಯವಾಗಿ ಹೇಳಿದ್ದರೆ ವ್ಯಾಪಾರಿಯು ಲೆಕ್ಕ ಕೇಳುತ್ತಿದ್ದನು.

ಮಾತಿಗೆ ಬೆಲೆಯುಂಟೆಂಬುದನ್ನು ಅಲ್ಲಿಯ ಶಾಸನಾಧಿಕಾರವೇ ಒಂದು ಸಂದರ್ಭದಲ್ಲಿ ಒಪ್ಪಿಕೊಂಡಿತು. ಮಾಂಸ, ಬೆಣ್ಣೆ ಮೊದಲಾದುವನ್ನು ಸಾಗಿಸುವ ಶೀತಲ ಬಂಡಿಗಳನ್ನು ಖಾಸಗಿ ಸಂಸ್ಥೆಗಳು ವ್ಯಾಪಾರಿಗಳಿಗೆ ಗುತ್ತಿಗೆಗೆ ಕೊಟ್ಟು, ಅವುಗಳ ಮಗ್ಗುಲುಗಳ ಮೇಲೆ ಆ ವ್ಯಾಪಾರಿಯ ಸರಕಿನ ಹೊಗಳಿಕೆಯನ್ನು ಬಣ್ಣಬಣ್ಣವಾಗಿ ಬರೆಯಿಸುತ್ತಿದ್ದುವು. ಒಬ್ಬನ ಹೊಗಳಿಕೆಯನ್ನು ಹೊತ್ತ ಬಂಡಿಯಲ್ಲಿ ಮತ್ತೊಬ್ಬನು ತನ್ನ ಸರಕನ್ನು ತುಂಬಲು ಒಪ್ಪನು. ಬಂಡಿಯು ಬರಿದಾಗಿ ಹಿಂದಿರುಗಬೇಕು. ಈ ಜಾಹೀರಾತು ವ್ಯಾಪಾರಿಗೆ ಬಾಡಿಗೆಯಲ್ಲಿ ಕೊಟ್ಟ ಅಕ್ರಮವಾದ ರಿಯಾಯಿತಿಗೆ ಸಮಾನವೆಂದು ಅಂತರರಾಜ್ಯ ವಾಣಿಜ್ಯ ಆಯೋಗವು ೧೯೩೪ರಲ್ಲಿ ತೀರ್ಮಾನಿಸಿತು. ೧೯೩೭ರ ಆರಂಭದಿಂದ ಅಂತಹ ಬಂಡಿಗಳ ಓಡಾಟವು ನಿಂತಿತು. ರೈಲ್ವೆ ಸಂಸ್ಥೆಗಳ ಸ್ವಂತ ಘೋಷಗಳನ್ನು ಈ ನಿಷೇಧವು ಮುಟ್ಟಲಿಲ್ಲ. ನಾಲ್ಕು ಮಾತಿನ ಹೊಗಳಿಕೆಯನ್ನು ಹಣದ ತಕ್ಕಡಿಯಲ್ಲಿ ತೂಗಿದ ಇಂತಹ ತೀರ್ಪು ಅಲಂಕಾರಶಾಸ್ತ್ರದ ವಿದ್ಯಾರ್ಥಿಗೆ ಕುತೂಹಲಕರವಾದುದು.

ಇಲ್ಲಿ ಒಂದು ಆಕ್ಷೇಪವು ಬರಬಹುದು: ಲಾಭಕ್ಕಾಗಿ ಹುಟ್ಟಿದ ಮಾತಿಗೆ ಕಾವ್ಯದ ಅಳತೆಗೋಲೇಕೆ? ಇದಕ್ಕೆ ಸಮಾಧಾನವೇನೆಂದರೆ, ಮಮ್ಮಟನೇ ಕಾವ್ಯಪ್ರಯೋಜನಗಳನ್ನು ಎಣಿಸುವಾಗ ಯಶಸ್ಸಿನ ಜೊತೆಗೆ ಅರ್ಥಪ್ರಾಪ್ತಿಯನ್ನೂ ಹೇಳಿರುವನು. ಹಣದ ಆಸೆಯಿಂದ ಹೇಳಿದುದೆಂಬ ಕಾರಣಮಾತ್ರದಿಂದ ಮಾತು ಹೀನವಾಗಲಾರದು. ಹಾಗಾದರೆ ಘೋಷಕ್ಕೂ ಕಾವ್ಯಕ್ಕೂ ಅಂತರವೆಲ್ಲಿ? ಸದರ್ನ್ ರೈಲ್ವೆಯ ವಾಕ್ಯಕ್ಕೆ ಹಿಂದಿರುಗಿದರೆ ಇದರ ಉತ್ತರವು ದೊರೆಯುತ್ತದೆ.

೧೯೪೨ನೆಯ ಮೇ ೧೭ರಂದು ಎಲ್ಮರ್ ಹೆಂಡರ್ಸನ್ ಎಂಬ ಕಪ್ಪು ಜನಾಂಗದ ಸರಕಾರೀ ಅಧಿಕಾರಿಯು ಸದರ್ನ್ ರೈಲ್ವೆಯಲ್ಲಿ ವಾಷಿಂಗ್‌ಟನ್ನಿನಿಂದ ದಕ್ಷಿಣಕ್ಕೆ ಪ್ರಯಾಣಮಾಡುತ್ತಿದ್ದರು. ಊಟದ ಬಂಡಿಯಲ್ಲಿ ಕರಿಯರಿಗೆಂದು ಅಡಿಗೆಯ ಕೋಣೆಯ ಬಳಿ ಪರದೆಯಿಂದ ಮರೆಮಾಡತಕ್ಕ ಎರಡು ಮೇಜುಗಳು ಮಾತ್ರ ಇದ್ದುವು. ಅವುಗಳಲ್ಲಿಯೂ ಬಿಳಿಯ ಪ್ರಯಾಣಿಕರು ಕುಳಿತಿದ್ದರು. ಸ್ಥಳವು ಇನ್ನೂ ಇದ್ದರೂ ಅವರನ್ನು ಕುಳ್ಳಿರಿಸಲಿಲ್ಲ. ಆ ಬಂಡಿಯನ್ನು ರೈಲಿನಿಂದ ಬಿಡಿಸುವವರೆಗೂ ಅವರಿಗೆ ಊಟವು ದೊರೆಯಲಿಲ್ಲ. ಅವರು ದೂರಿತ್ತರು. ಸಂಸ್ಥೆಯು ಬಳಿಕ ನಿಯಮವನ್ನು ತಿದ್ದಿ ಒಂದು ಮೇಜನ್ನು ಕರಿಯರಿಗೆ ಕಾದಿರಿಸಿತು. ಹಿಂದೆ ಜಾಹೀರಾತಿನಲ್ಲಿ ಅಕ್ರಮವಾದ ಪಕ್ಷಪಾತವನ್ನು ಕಂಡಿದ್ದ ಆಯೋಗವೇ ಈ ಏರ್ಪಾಡಿನಲ್ಲಿ ದೋಷವನ್ನು ಕಾಣಲಿಲ್ಲ. ಕಡೆಗೆ ೧೯೫೦ನೆಯ ಜೂನ್ ೫ರಂದು ಸರ್ವೋಚ್ಚ ನ್ಯಾಯಾಲಯವು ಅದು ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತಿತು.

ಈಗ "ಸರ್ವ್ಸ್" ಎಂಬ ಕ್ರಿಯಾಪದವನ್ನು ನೋಡಬೇಕು. ಇಂಗ್ಲಿಷಿನಲ್ಲಿ ಆ ಧಾತುವಿಗೆ ಸೇವೆಮಾಡು ಎಂಬ ಅರ್ಥವೂ ಉಂಟು, ಊಟ ಬಡಿಸು ಎಂಬ ಅರ್ಥವೂ ಉಂಟು. ಘೋಷದ ಕರ್ತನಿಗೆ ಮೊದಲನೆಯ ಅರ್ಥವು ಸಾಕಾಗಿತ್ತು. ಆದರೆ ಅದೇ ಸಂಸ್ಥೆಯ ಊಟದ ಬಂಡಿಯಲ್ಲಿ ಎರಡನೆಯ ಅರ್ಥವು ಎದ್ದುನಿಂತು, ಬಡಿಸಿದಿರೋ ಇಲ್ಲವೋ ಎಂದು ಕೇಳಿತು. "ಸೌತ್" ಎಂಬ ಪದದಲ್ಲಿಯೂ ಇದೇ ತೊಡಕು. ಪ್ರದೇಶವಾಚಕವಾದ ಪದವು ಲಕ್ಷಣೆಯಿಂದ ಅಲ್ಲಿಯ ಜನರನ್ನು ಹೇಳುತ್ತದೆ. ಆ ಜನರಲ್ಲಿ ಪರದೆಯ ಆಚೆಯವರು ಸೇರಿದರೋ ಇಲ್ಲವೋ? ಸೇರಿದರೆಂದರೆ ವಾಕ್ಯವು ಸುಳ್ಳು. ಸೇರಲಿಲ್ಲವೆಂದರೆ ವಾಕ್ಯವು ಕ್ರೂರ. ಸೊಗಸಾದ ವೃತ್ತ್ಯನುಪ್ರಾಸವು ಈ ಪ್ರಶ್ನೆಯನ್ನು ಓದುವವನ ಮನಸ್ಸಿಗೆ ಬರಗೊಡದೆ ಮುಂದಕ್ಕೆ ಜಾರಿಸುತ್ತಿದ್ದಿತು.

ಗ್ರೇಟ್ ನಾರ್ದರ್ನ್ ರೈಲ್ವೆಯ ಬಂಡಿಗಳ ಮೇಲಿದ್ದ "ಸೀ ಅಮೆರಿಕ ಫಸ್ಟ್", "ಮೊದಲು ಅಮೆರಿಕವನ್ನು ನೋಡಿರಿ" ಎಂಬ ಘೋಷವೂ ಇಂತಹುದೇ. ಯೂರೋಪಿಗೆ ಹೋಗುವ ಧನಿಕರನ್ನು ೧೯೧೦ರಲ್ಲಿ ಸ್ಥಾಪಿತವಾದ ಗ್ಲೇಷಿಯರ್ ರಾಷ್ಟ್ರೀಯ ಉದ್ಯಾನದ ಕಡೆಗೆ ತಿರುಗಿಸುವುದು ಅದರ ಉದ್ದೇಶ. ಆ ಉದ್ಯಾನದ ಪೂರ್ವಭಾಗವು ೧೮೯೫ರ ಒಪ್ಪಂದದವರೆಗೆ ಬ್ಲ್ಯಾಕ್‌ಫೀಟ್ ಎಂಬ ಮೂಲನಿವಾಸಿಗಳ ನೆಲ. "ಮೊದಲು" ಎಂಬ ಪದವನ್ನು ಅದರ ಪೂರ್ಣಾರ್ಥದಲ್ಲಿ ತೆಗೆದುಕೊಂಡರೆ, ಆ ಬೆಟ್ಟಗಳನ್ನು ಮೊದಲು ನೋಡಿದವರು ಯಾರೆಂಬುದು ಘೋಷಕ್ಕೆ ಅನುಕೂಲವಾದ ಪ್ರಶ್ನೆಯಲ್ಲ.

ಇದರಿಂದ ನಮಗೆ ದೊರೆಯುವ ಭೇದಕಲಕ್ಷಣವಿದು: ಒಳ್ಳೆಯ ಕಾವ್ಯದ ಪದವು ತನ್ನ ಅರ್ಥಗಳೆಲ್ಲವನ್ನೂ ಒಳಕ್ಕೆ ಕರೆಯುತ್ತದೆ, ಸಹೃದಯನು ಆಳಕ್ಕೆ ಇಳಿದಷ್ಟೂ ಅದು ಹಿಗ್ಗುತ್ತದೆ. ಘೋಷದ ಪದವು ಒಂದೇ ಅರ್ಥವನ್ನು ಒಳಕ್ಕೆ ಬಿಟ್ಟುಕೊಂಡು ಮಿಕ್ಕವಕ್ಕೆ ಬಾಗಿಲು ಹಾಕುತ್ತದೆ. ಆಳಕ್ಕೆ ಇಳಿಯುವವನನ್ನು ಅದು ಅಂಜುತ್ತದೆ. ಅದರ ಅಲಂಕಾರವು ಅರ್ಥದ ದ್ವಾರವಲ್ಲ, ಅರ್ಥದ ಅಗುಳಿ. ನಮ್ಮ ಶಾಸನಗಳ ಬಿರುದಾವಳಿಗಳಿಗೂ ಈ ಮಾತು ಸಲ್ಲತಕ್ಕದ್ದೇ. "ಸಮಸ್ತಭುವನಾಶ್ರಯ" ಎಂಬ ಬಿರುದು ಕೇಳುವುದಕ್ಕೆ ಗಂಭೀರವಾದುದು. ಆ ಭುವನದಲ್ಲಿ ಆಶ್ರಯವನ್ನು ಪಡೆದವರಾರು, ಹೊರಗುಳಿದವರಾರು ಎಂಬುದನ್ನು ಬಿರುದು ಹೇಳುವುದಿಲ್ಲ. ಶಾಸನದ ಮುಂದಣ ಭಾಗದಲ್ಲಿ ಬರುವ ದತ್ತಿ, ಎಲ್ಲೆ, ತೆರಿಗೆಗಳ ವಿವರದಿಂದಲೇ ಅದನ್ನು ಅರಿಯಬೇಕು. ಹಾಗೆಯೇ ಬಂಡಿಯ ಒಂದು ಮಗ್ಗುಲಿನ ತೂಕದ ಅಂಕಿಗಳು ಸತ್ಯಕ್ಕೆ ಬದ್ಧವಾಗಿದ್ದುವು. ಅಲ್ಲಿ ತಪ್ಪಿದರೆ ಅಚ್ಚು ಮುರಿಯುವುದು. ಬಾಗಿಲಿನ ಆಚೆಯ ಘೋಷಕ್ಕೆ ಆ ಹೊಣೆಯಿರಲಿಲ್ಲ.

೧೯೭೧ನೆಯ ಮೇ ೧ರಂದು ಆಮ್‌ಟ್ರಾಕ್ ಎಂಬ ರಾಷ್ಟ್ರೀಯ ಸಂಸ್ಥೆಯು ಪ್ರಯಾಣಿಕರ ರೈಲುಗಳ ಬಹುಭಾಗವನ್ನು ವಹಿಸಿಕೊಂಡ ಮೇಲೆ ಜೆಫಿರುಗಳ ದಾರಿಯೂ ಹೈಯವಾಥಾಗಳ ಮಾರ್ಗವೂ ಒಡೆಯರಿಲ್ಲದ ಬಿರುದುಗಳಾದುವು. ಸಂಸ್ಥೆಗಳು ಒಂದರೊಳಗೊಂದು ಲೀನವಾದಂತೆ ಲಾಂಛನಗಳೂ ಅಳಿದುವು. ಆದರೂ ತರಗತಿಯಲ್ಲಿ ಅಲಂಕಾರವನ್ನು ಬೋಧಿಸುವವರಿಗೆ ಇವು ಉಪಯುಕ್ತವಾದ ಉದಾಹರಣೆಗಳು. ವಿದ್ಯಾರ್ಥಿಯು ಪ್ರಾಸವನ್ನು ಗುರುತಿಸಿದ ಮೇಲೆ ಅಧ್ಯಾಪಕನು ಇನ್ನೊಂದು ಪ್ರಶ್ನೆಯನ್ನು ಕೇಳಬೇಕು: ಈ ಪ್ರಾಸವು ಯಾರನ್ನು ಮರೆಯಿಸುತ್ತಿದೆ? ಲಕ್ಷಣವನ್ನು ಹೇಳಿ ಈ ಪ್ರಶ್ನೆಯನ್ನು ಬಿಡುವ ಪಾಠವು ಅರ್ಧಪಾಠವೇ ಸರಿ.