ನೈಲ್ಸಿನ ಮೂಕಿ ಚಿತ್ರಗಳು: ಮಾತಿಲ್ಲದ ನಗು

ಫ್ರೀಮಾಂಟಿನಲ್ಲಿ ಕರಿಬೇವು ಎಲ್ಲಿ ಸಿಗುತ್ತದೆಂದು ನಮ್ಮ ಸದಸ್ಯ ಬಂಧುಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ 1956ರಲ್ಲಿ ಅದೇ ಊರಿಗೆ ಸೇರಿಹೋದ ನೈಲ್ಸ್ ಎಂಬ ಪುಟ್ಟ ಪೇಟೆಯಲ್ಲಿದ್ದುಕೊಂಡು ಚಾರ್ಲಿ ಚಾಪ್ಲಿನ್ 1915ರಲ್ಲಿ ಎಸ್ಸಾನೇ ಕಂಪನಿಗಾಗಿ ಐದು ಕಿರುಚಿತ್ರಗಳನ್ನು ಮಾಡಿದನೆಂಬುದು ನಮಗೇ ಬಹಳ ವರ್ಷ ತಿಳಿದಿರಲಿಲ್ಲ. ಅಲ್ಲಿ ಈಗ ಮೂಕಿ ಚಿತ್ರಗಳದೇ ಒಂದು ಮ್ಯೂಸಿಯಂ ಇದೆ. ಅದರ ಹಳೆಯ ಎಡಿಸನ್ ಥಿಯೇಟರಿನಲ್ಲಿ, ಪಕ್ಕದಲ್ಲೇ ಕುಳಿತು ನುಡಿಸುವ ಪಿಯಾನೋದೊಡನೆ ಚಿತ್ರ ತೋರಿಸುತ್ತಾರೆ. ಊರಿನಿಂದ ಬಂದಿದ್ದ ನಮ್ಮ ಅತ್ತೆಯವರನ್ನೂ ಮಕ್ಕಳನ್ನೂ ಕರೆದುಕೊಂಡು ಒಂದು ಶನಿವಾರ ಸಂಜೆ ಹೋಗಿದ್ದೆವು. ಆಮೇಲೆ ಉಳಿದವನ್ನು ಮನೆಯಲ್ಲೇ ನೋಡಿದೆವು.

ಐದೂ ಒಂದೇ ತೂಕದವಲ್ಲ. ಮೊದಲನೆಯ ‘ಎ ನೈಟ್ ಔಟ್’ನಲ್ಲಿ ಚಾಪ್ಲಿನ್ ಮತ್ತು ಬೆನ್ ಟರ್ಪಿನ್ ಇಬ್ಬರು ಕುಡುಕರು. ಬೀಳುವುದು, ಒದೆಯುವುದು, ಎಳೆದಾಡುವುದು. ಯಾಕೆ ಒದೆದ ಎಂದು ಕೇಳಿದರೆ ಉತ್ತರವಿಲ್ಲ. ಟರ್ಪಿನ್ನನ ಮೆಳ್ಳೆಗಣ್ಣಿಗೆ ನಗಬೇಕೆಂದರೆ ನಮಗೆ ಇಂದು ಮುಜುಗರವೇ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಮಕ್ಕಳು ಎದ್ದು ಹೋದರು, ನಾವೂ ತಡೆಯಲಿಲ್ಲ. ‘ದ ಚಾಂಪಿಯನ್’ ಎಷ್ಟೋ ಮೇಲು. ಅದರಲ್ಲಿ ಹಸಿದವನೊಬ್ಬ ಕೈಗವಸಿನೊಳಗೆ ಕುದುರೆಲಾಳ ಅಡಗಿಸಿಕೊಂಡು ಕುಸ್ತಿಯವರಂಥ ದಾಂಡಿಗರನ್ನು ಮಲಗಿಸುತ್ತಾನೆ. ಗುಟ್ಟು ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ನಗು ಬರುವುದೇ ಅಲ್ಲಿಂದ.

ಏಪ್ರಿಲ್ 1915ರಲ್ಲಿ ಬಿಡುಗಡೆಯಾದ ‘ದ ಟ್ರ್ಯಾಂಪ್’ ಇವೆಲ್ಲಕ್ಕಿಂತ ಮುಂದೆ ಹೋಗುತ್ತದೆ. ಅಲೆಮಾರಿ ಬುತ್ತಿ ಬಿಚ್ಚಿದರೆ ಯಾರೋ ಇಟ್ಟಿಗೆ ಇಟ್ಟು ರೊಟ್ಟಿ ಕದ್ದಿದ್ದಾರೆ. ಅವನು ಗೋಳಾಡದೆ ಹುಲ್ಲನ್ನೇ ಕಿತ್ತು ಮರ್ಯಾದಸ್ಥನ ಹಾಗೆ ತಿನ್ನುತ್ತಾನೆ. ಮುಂದೆ ಹುಡುಗಿಯೊಬ್ಬಳನ್ನು ಕಳ್ಳರಿಂದ ಬಿಡಿಸಲು ಅದೇ ಇಟ್ಟಿಗೆಯೇ ಆಯುಧ. ಹೊಲದ ಕೆಲಸಕ್ಕೆ ಸೇರಿ, ಹಸುವಿನ ಬಾಲವನ್ನು ಬೋರ್‌ವೆಲ್ ಪಂಪಿನಂತೆ ಒತ್ತಿ ಹಾಲಿಗೆ ಕಾಯುತ್ತಾನೆ. ಒಂದು ಕಾಲದಲ್ಲಿ ಮನೆಯಲ್ಲಿ ಹಸು ಕಟ್ಟಿದ್ದ ನಮ್ಮ ಅತ್ತೆಯವರು “ಅಯ್ಯೋ ಮಂಕೇ, ಕೆಚ್ಚಲು ಕೆಳಗಿದೆಯೋ!” ಎಂದು ಪರದೆಗೇ ಕೂಗಿದರು. ಇಲ್ಲೇ ಹುಟ್ಟಿ ಬೆಳೆದ ಮೊಮ್ಮಗ ಹಸುವಿಗೂ ನಕ್ಕ, ಅಜ್ಜಿಗೂ ನಕ್ಕ.

ಆ ನಗುವಿಗೆ ನಾವು ತುಂಬ ಬೆಲೆ ಕೊಡುತ್ತೇವೆ. ಅತ್ತೆಯವರಿಗೆ ಇಂಗ್ಲಿಷ್ ಬಾರದು. ಹುಡುಗನ ಕನ್ನಡ ‘ಊಟ ಆಯ್ತಾ’ ದಾಟುವುದಿಲ್ಲ. ಅವರು ಬಂದ ಮೂರು ತಿಂಗಳಲ್ಲಿ ಇಬ್ಬರೂ ಒಂದೇ ಮಾತಿಗೆ ಒಟ್ಟಿಗೆ ನಕ್ಕದ್ದನ್ನು ನಾವು ಕಂಡಿರಲಿಲ್ಲ. ನಮ್ಮ ಹಾಸ್ಯ ಸಂಜೆಗಳೂ ಪದಗಳ ಚಮತ್ಕಾರದ ಮೇಲೇ ನಿಂತಿವೆ. ನಾವು ಹೊಟ್ಟೆ ಹಿಡಿದು ನಗುವಾಗ ಮಕ್ಕಳು ಸಭಾಂಗಣದ ಹೊರಗೆ ಓಡಾಡುತ್ತಿರುತ್ತಾರೆ. ತಪ್ಪು ಅವರದಲ್ಲ. ಮೈಯಿಂದ ನಗಿಸುವ ಕಲೆ ನಮ್ಮಲ್ಲಿ ಇಲ್ಲದ್ದೇನಲ್ಲ. ಯಕ್ಷಗಾನದ ಹಾಸ್ಯಗಾರನ ನಡಿಗೆ, ನರಸಿಂಹರಾಜು ಅವರ ಕಡ್ಡಿ ಮೈಯ ಬಳುಕು ನೆನೆದರೆ ಸಾಕು.

ನಮ್ಮ ಬೆಂಗಳೂರಿನಲ್ಲೇ ಇದಕ್ಕೊಂದು ಜೋಡಿ ಇದೆ: ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶಿಸಿ, ಶೃಂಗಾರ್ ನಾಗರಾಜ್ ನಿರ್ಮಿಸಿದ ‘ಪುಷ್ಪಕ ವಿಮಾನ’ (1987). ಅದರಲ್ಲಿ ಸದ್ದುಂಟು, ಸಂಭಾಷಣೆಯಿಲ್ಲ. ಕೆಲಸವಿಲ್ಲದ ಪದವೀಧರನಾಗಿ ಕಮಲ ಹಾಸನ್ ಶ್ರೀಮಂತನ ಜಾಗದಲ್ಲಿ ಕುಳಿತು ಪಡುವ ಪಾಡಿಗೆ ನಗುತ್ತ ನಗುತ್ತ, ಅವನ ಹಸಿವನ್ನು ನಾವು ಮರೆಯುವುದಿಲ್ಲ. ಅದರ ಕೊನೆಯಲ್ಲಿ ಹುಡುಗಿ ಎಸೆದ ವಿಳಾಸದ ಚೀಟಿ ಗಾಳಿಗೆ ಹಾರಿ ಚರಂಡಿ ಪಾಲಾಗುತ್ತದೆ. ‘ದ ಟ್ರ್ಯಾಂಪ್’ನ ಕೊನೆಯಲ್ಲೂ ಒಂದು ಚೀಟಿಯಿದೆ. ಹುಡುಗಿಗೆ ಬೇರೊಬ್ಬ ಪ್ರಿಯನಿದ್ದಾನೆಂದು ತಿಳಿದು ಅಲೆಮಾರಿ ನಾಲ್ಕಕ್ಷರ ಗೀಚಿಟ್ಟು ಹೊರಡುತ್ತಾನೆ. ಬೆನ್ನು ಬಾಗಿದೆ, ಹೆಜ್ಜೆ ಭಾರ. ಸ್ವಲ್ಪ ದೂರ ಹೋದಮೇಲೆ ಮೈ ಕೊಡವಿ, ಕಾಲು ಝಾಡಿಸಿ, ಚುರುಕಾಗಿ ನಡೆದುಬಿಡುತ್ತಾನೆ. ಮುಖ ಕಾಣಿಸುವುದೇ ಇಲ್ಲ. ಬೆನ್ನು ಅಷ್ಟನ್ನೂ ಹೇಳುತ್ತದೆ. ಮೊಮ್ಮಗ ಅಲ್ಲಿ ನಗಲಿಲ್ಲ. ಅಜ್ಜಿಯ ಕೈ ಹಿಡಿದುಕೊಂಡಿದ್ದ.

ಕಾರ್ಯಕಾರಿ ಸಮಿತಿಯವರಲ್ಲಿ ನಮ್ಮದೊಂದು ಅರಿಕೆ. ಮುಂದಿನ ರಾಜ್ಯೋತ್ಸವದಂದು ಭಾಷಣಗಳ ನಡುವೆ ಅರ್ಧ ಗಂಟೆ ‘ದ ಟ್ರ್ಯಾಂಪ್’ಗೆ ಕೊಡಿ. ಅಷ್ಟು ಹಳೆಯ ಚಿತ್ರಕ್ಕೆ ಈ ದೇಶದಲ್ಲಿ ಹಕ್ಕಿನ ತೊಡಕೂ ಇಲ್ಲ. ಕನ್ನಡದ ಹಬ್ಬಕ್ಕೆ ಇದೇಕೆ ಎನ್ನುವವರು ಅಜ್ಜ ಅಜ್ಜಿಯರನ್ನೂ ಮೊಮ್ಮಕ್ಕಳನ್ನೂ ಅಕ್ಕಪಕ್ಕ ಕೂರಿಸಿ ನೋಡಲಿ. ಒಟ್ಟಿಗೆ ನಕ್ಕ ಮೇಲೆ ಹುಡುಗ ಮನೆಗೆ ಬರುವಾಗ ಕಾರಿನಲ್ಲಿ ತಾನಾಗಿಯೇ ಕೇಳಿದ: “ಅಜ್ಜೀ, ಕೆಚ್ಚಲು ಅಂದ್ರೆ ಏನು?”