ವಾಲಿದ ಬೈಕೂ ಹುರುಳಿ ಹೊಟ್ಟೂ

ನಮ್ಮ ಹನಗೋಡಿನ ಕಡೆ ಸುಗ್ಗಿ ಬಂತೆಂದರೆ ಟಾರು ರಸ್ತೆಯೇ ಕಣ. ಹುರುಳಿ ಕಿತ್ತು ತಂದು ರಸ್ತೆಗೆ ಹರಡಿಬಿಟ್ಟರೆ ಆಯಿತು, ಬಸ್ಸು ಲಾರಿಗಳು ಪುಕ್ಕಟೆ ಒಕ್ಕಿ ಕೊಡುತ್ತವೆ. ಅಂಥದೊಂದು ತಿರುವಿನಲ್ಲಿ ನಮ್ಮ ಶಾಲೆಯ ಹತ್ತನೆಯ ತರಗತಿಯ ಹುಡುಗ ಅಣ್ಣನ ಬೈಕಿನಿಂದ ಬಿದ್ದು ಭುಜದ ಮೂಳೆ ಮುರಿದುಕೊಂಡ. ಲೈಸೆನ್ಸ್ ಸಿಗುವ ವಯಸ್ಸಲ್ಲ, ತಲೆಗೆ ಹೆಲ್ಮೆಟ್ಟಿಲ್ಲ. ಚೆನ್ನಾಗಿ ಬೈಯಬೇಕೆಂದೇ ಅವನ ಮನೆಗೆ ಹೋದೆ. ಹಾಸಿಗೆಯ ಪಕ್ಕದಲ್ಲಿ ನೋಟ್ ಪುಸ್ತಕ. ಅದರ ರಟ್ಟಿಗೆ ಅಂಟಿಸಿದ್ದು ರೇಸಿನವನೊಬ್ಬನ ಚಿತ್ರ. ಬೈಕು ಹೆಚ್ಚುಕಡಿಮೆ ಮಲಗಿದೆ. ಸವಾರನ ಮಂಡಿ ನೆಲಕ್ಕೆ, ಮೊಳಕೈಯೂ ನೆಲಕ್ಕೆ.

"ಅವ್ರೂ ಹಿಂಗೇ ತಾನೆ ಮಿಸ್ ಮಲ್ಗೋದು? ಅವ್ರು ಬೀಳಲ್ಲ, ನಾನ್ಯಾಕೆ ಬಿದ್ದೆ?" ಎಂದು ಕೇಳಿದ.

ಬೈಗುಳ ಬಾಯಲ್ಲೇ ಉಳಿಯಿತು. ಪ್ರಶ್ನೆ ಸರಿಯಾಗಿತ್ತು, ಉತ್ತರ ನನ್ನಲ್ಲಿರಲಿಲ್ಲ. ನಾನು ಕನ್ನಡ ಪಾಠ ಮಾಡುವವಳು. ಪದ್ಯವೊಂದು ಏನು ಹೇಳುತ್ತದೆ, ಏನು ಮುಚ್ಚಿಡುತ್ತದೆ ಎಂದು ಹುಡುಕುವುದೇ ಕಸುಬು. ಆ ಚಿತ್ರವನ್ನೂ ಹಾಗೆಯೇ ಓದಿ ನೋಡೋಣವೆನಿಸಿತು.

ಅಕ್ಕನ ಮಗ ತನ್ನ ಕಂಪ್ಯೂಟರಿನಲ್ಲಿ 2023ರ ಸೆಪ್ಟೆಂಬರ್ 24ರಂದು ದೆಹಲಿಯ ಹತ್ತಿರ ಗ್ರೇಟರ್ ನೋಯ್ಡಾದಲ್ಲಿ ನಡೆದ ಮೋಟೊಜಿಪಿ ಪಂದ್ಯವನ್ನು ಹಾಕಿಕೊಟ್ಟ. ಚೆಂದವಿಲ್ಲ ಎಂದರೆ ಸುಳ್ಳಾದೀತು. ಹೊಲದ ಮೇಲೆ ಬೆಳ್ಳಕ್ಕಿ ಸಾಲು ಒಟ್ಟಿಗೆ ಹೊರಳುವಂತೆ ಒಬ್ಬರ ಹಿಂದೊಬ್ಬರು ವಾಲಿ ಏಳುತ್ತಾರೆ. ನೆಟ್ಟಗೆ ನಿಂತದ್ದು ಸೊನ್ನೆ, ಪೂರ್ತಿ ಮಲಗಿದ್ದು 90 ಡಿಗ್ರಿ ಎಂದುಕೊಂಡರೆ ಈ ಬೈಕುಗಳು 60 ದಾಟಿ ವಾಲುತ್ತವೆ.

ಏಕೆ ವಾಲಬೇಕು ಎಂಬುದನ್ನು ಲೆಕ್ಕದ ಮೇಷ್ಟ್ರು ಸೀಮೆಸುಣ್ಣ ಹಿಡಿದು ತೋರಿಸಿದರು. 50 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 80 ಕಿಲೋಮೀಟರ್ ವೇಗಕ್ಕೆ ಸುಮಾರು 45 ಡಿಗ್ರಿ ವಾಲಬೇಕು. 105ಕ್ಕೆ 60 ಡಿಗ್ರಿ. ಅಷ್ಟು ವಾಲಿದಾಗಲೂ ಟೈರು ನೆಲವನ್ನು ಹಿಡಿದಿರಬೇಕಲ್ಲ? ಅದಕ್ಕೆ ಬೇರೆಯೇ ಮೆತ್ತನೆಯ ಟೈರು. ಓಡುವ ಮುಂಚೆ ವಿದ್ಯುತ್ ಕಂಬಳಿ ಸುತ್ತಿ ಅದನ್ನು ಬೆಚ್ಚಗಿಡುತ್ತಾರೆ. ನಮ್ಮಲ್ಲಿ ಬಾಣಂತಿಗೂ ಈಗ ಅಷ್ಟು ಆರೈಕೆಯಿಲ್ಲ.

ಆದರೆ ಸವಾರ ಸೀಟು ಬಿಟ್ಟು ಪಕ್ಕಕ್ಕೆ ಜೋತುಬೀಳುವುದೇಕೆ? ಇದೇ ನನ್ನನ್ನು ಹೆಚ್ಚು ಕಾಡಿದ್ದು. ಬರಿಯ ಠೀವಿ ಎಂದುಕೊಂಡಿದ್ದೆ. ಓದುಗ ಸೋದರಿಯರೇ, ಸೊಂಟದ ಮೇಲೆ ತುಂಬಿದ ಬಿಂದಿಗೆ ಇಟ್ಟುಕೊಂಡದ್ದನ್ನು ನೆನಪಿಸಿಕೊಳ್ಳಿ. ಮೈ ತಾನಾಗಿ ಇನ್ನೊಂದು ಮಗ್ಗುಲಿಗೆ ವಾಲುತ್ತದೆ. ಬಿಂದಿಗೆಯ ಭಾರ, ಮೈಯ ಭಾರ ಸೇರಿ ಪಾದದ ಮೇಲೆ ನಿಲ್ಲಬೇಕು. ಸವಾರನದೂ ಇಂಥದೇ ಹೊಂದಾಣಿಕೆ. ತಿರುವಿನಲ್ಲಿ ಭಾರ ಒಳಮಗ್ಗುಲಿಗೆ ಬೇಕು. ಅದನ್ನೆಲ್ಲ ಬೈಕೇ ಕೊಡಬೇಕೆಂದರೆ ಬೈಕು ಇನ್ನೂ ಮಲಗಬೇಕು, ಟೈರಿನ ಅಂಚು ಮುಗಿದುಹೋಗುತ್ತದೆ. ಅದಕ್ಕೇ ಅವನು ತನ್ನ ಮೈಯನ್ನು ಒಳಕ್ಕೆ ಇಳಿಬಿಟ್ಟು ಬೈಕಿನ ಪಾಲಿನಿಂದ ಕೆಲವು ಡಿಗ್ರಿ ಉಳಿಸುತ್ತಾನೆ. ದುಂದುಗಾರಿಕೆಯಂತೆ ಕಂಡದ್ದು ಕೊನೆಗೆ ನೋಡಿದರೆ ಉಳಿತಾಯ! ನೆಲಕ್ಕೆ ತಾಗುವ ಮಂಡಿಯೂ ಊರುಗೋಲಲ್ಲ, ಇನ್ನೆಷ್ಟು ಜಾಗ ಉಳಿದಿದೆಯೆಂದು ಅಳೆಯುವ ಕೋಲು.

ಈ ಭಂಗಿ ಮೊದಲಿನಿಂದ ಇದ್ದದ್ದೂ ಅಲ್ಲ. ಹಳಬರು ಮಂಡಿಗಳನ್ನು ಪೆಟ್ರೋಲ್ ಟ್ಯಾಂಕಿಗೆ ಒತ್ತಿ ಅಚ್ಚುಕಟ್ಟಾಗಿ ಕೂರುತ್ತಿದ್ದರು. 1970ರ ದಶಕದ ಆರಂಭದಲ್ಲಿ ಫಿನ್‌ಲ್ಯಾಂಡಿನ ಯಾರ್ನೊ ಸಾರಿನೆನ್ ಹೀಗೆ ಜೋತುಬಿದ್ದು ಓಡಿಸಿದ. ಅವನನ್ನು ಕಂಡು ಕಲಿತ ಅಮೆರಿಕದ ಕೆನ್ನಿ ರಾಬರ್ಟ್ಸ್ 1978ರಲ್ಲಿ ವಿಶ್ವ ಚಾಂಪಿಯನ್ ಆದಮೇಲೆ ಅದೇ ರೂಢಿಯಾಯಿತು. ಸಾರಿನೆನ್ 1973ರ ಮೇ ತಿಂಗಳಲ್ಲಿ ಇಟಲಿಯ ಮೊಂಜಾದಲ್ಲಿ ಪಂದ್ಯದ ನಡುವೆಯೇ ತೀರಿಕೊಂಡಿದ್ದ. ನಮ್ಮ ಚಿಕ್ಕಪ್ಪನ ಬಳಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಇತ್ತು. 1996ರಲ್ಲಿ ಆ ಕಾರ್ಖಾನೆ ಮುಚ್ಚಿದ ಮೇಲೂ ಅವರು ಅದನ್ನು ಬಿಡಲಿಲ್ಲ. ತಿರುವು ಬಂದರೆ ಪಂಚೆ ಸರಿಪಡಿಸಿಕೊಂಡು ಕೊಕ್ಕರೆಯ ಹಾಗೆ ನೆಟ್ಟಗೆ ಕೂರುವವರು. ಅವರ ವೇಗಕ್ಕೆ ಅದೇ ಸರಿಯಾದ ಭಂಗಿ.

ಮಣ್ಣಿನ ಮೇಲಂತೂ ಎಲ್ಲವೂ ತಿರುಗುಮುರುಗು. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದರು. ಅದು ಮರಳು, ಕಲ್ಲು, ಧೂಳಿನ ಓಟ. ಅಲ್ಲಿ ಸವಾರರು ಬಹುಪಾಲು ಎದ್ದು ನಿಂತೇ ಓಡಿಸುತ್ತಾರೆ. ತಿರುವಿನಲ್ಲಿ ಬೈಕನ್ನು ಮಾತ್ರ ಒಳಕ್ಕೆ ಒತ್ತಿ ಮೈಯನ್ನು ಅದರ ಮೇಲೆ ನೆಟ್ಟಗೆ ಇಟ್ಟುಕೊಳ್ಳುತ್ತಾರೆ, ಜಾರಿದರೆ ಸಾವರಿಸಿಕೊಳ್ಳಲು. ನೆಲ ಬದಲಾದರೆ ಭಂಗಿಯೂ ಬದಲು. ರಟ್ಟಿನ ಚಿತ್ರದಲ್ಲಿ ನೆಲವೇ ಇಲ್ಲ, ಒಂದು ಬೂದು ಪಟ್ಟಿಯಿದೆ ಅಷ್ಟೆ.

ನನ್ನ ತಕರಾರು ಸವಾರರ ಮೇಲಲ್ಲ, ತೋರಿಸುವವರ ಮೇಲೆ. ವಾಲಿದ ಕ್ಷಣವನ್ನು ನಿಧಾನಗೊಳಿಸಿ ನಾಲ್ಕು ಸಲ ತೋರಿಸುತ್ತಾರೆ. ಅದಕ್ಕೂ ಮುಂಚೆ ಅವನು ಎಲ್ಲಿ ಬ್ರೇಕು ಹಿಡಿದ, ಎಷ್ಟು ವೇಗ ಕಳೆದ ಎಂಬುದು ಕಣ್ಣಿಗೆ ಬೀಳುವುದೇ ಇಲ್ಲ. ಬಿದ್ದವನನ್ನೂ ನಾಲ್ಕು ಸಲ ಬೀಳಿಸುತ್ತಾರೆ. ಅವನು ಜಲ್ಲಿ ಹಾಸಿನಲ್ಲಿ ಉರುಳಿ ಎದ್ದು ಧೂಳು ಕೊಡವಿ ನಡೆದುಬಿಡುವುದನ್ನು ನೋಡಿದ ಹುಡುಗರು ಬೀಳುವುದೆಂದರೆ ಇಷ್ಟೇ ಎಂದುಕೊಳ್ಳುತ್ತಾರೆ. ಅವನ ಚರ್ಮದ ಉಡುಪಿನೊಳಗೆ ಗಾಳಿಚೀಲವಿದೆ. 2018ರಿಂದ ಅದು ಕಡ್ಡಾಯ. ಮೂಳೆ ಅವರದೂ ಮುರಿಯುತ್ತದೆ. ಮೊಳಕೈ ತಾಗಿಸುವುದಕ್ಕೆ ಹೆಸರಾದ ಮಾರ್ಕ್ ಮಾರ್ಕೆಜ್ 2020ರಲ್ಲಿ ಬಲತೋಳು ಮುರಿದುಕೊಂಡು ಆ ತೋಳಿಗೆ ನಾಲ್ಕು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ. ಮತ್ತೆ ಚಾಂಪಿಯನ್ ಆದದ್ದು 2025ರಲ್ಲಿ. ನಡುವಿನ ಆ ವರ್ಷಗಳನ್ನು ಯಾವ ರಟ್ಟಿಗೆ ಅಂಟಿಸುವುದು?

ಇಷ್ಟೆಲ್ಲ ರಕ್ಷಣೆಯಿದ್ದೂ ಆಗಬಾರದ್ದು ಆಗುತ್ತದೆ. 2023ರ ಆಗಸ್ಟ್ 5ರಂದು ಚೆನ್ನೈ ಟ್ರ್ಯಾಕಿನಲ್ಲಿ, ರಾಷ್ಟ್ರೀಯ ಪಂದ್ಯದಲ್ಲಿ, ಬೆಂಗಳೂರಿನ ಬಾಲಕನೊಬ್ಬ ಬಿದ್ದು ತೀರಿಕೊಂಡ. ಹದಿಮೂರು ವರ್ಷ. ನಮ್ಮ ಶಾಲೆಯ ಎಂಟನೆಯ ತರಗತಿಯ ಬೆಂಚಿನ ವಯಸ್ಸು. ಆ ಸುದ್ದಿ ಓದಿದ ದಿನ ನಾನು ಹಾಜರಿ ಕೂಗುವಾಗ ಎರಡು ಹೆಸರು ಬಿಟ್ಟುಬಿಟ್ಟೆ.

ಹುಡುಗನ ಪಟ್ಟಿ ಬಿಚ್ಚುವ ಹೊತ್ತಿಗೆ ಇಷ್ಟನ್ನೂ ಕೂಡಿಸಿಕೊಂಡು ಮತ್ತೆ ಹೋದೆ. ನೀನು ಭಂಗಿಯನ್ನು ನಕಲು ಮಾಡಿದೆ, ಟೈರನ್ನೂ ನೆಲವನ್ನೂ ಮಾಡಲಿಲ್ಲ ಎಂದೆ. ಅವನ ತಾಯಿ ಒಳಗಿನಿಂದ ಬಿಂದಿಗೆ ತಂದಿಟ್ಟರು, ನಾನು ಸೆರಗು ಸಿಕ್ಕಿಸಿ ಎತ್ತಿಕೊಂಡು ತೋರಿಸಿದೆ. ಅವನು ನಗಲಿಲ್ಲ. ನೋಟ್ ಪುಸ್ತಕ ತೆರೆದು 45, 60 ಎಂದು ಬರೆದುಕೊಂಡ. ಆಮೇಲೆ ತಲೆಯೆತ್ತಿ, "ಹುರುಳಿ ಹೊಟ್ಟಿನ ಮೇಲೆ ಎಷ್ಟು ಮಿಸ್?" ಎಂದ.

ಲೆಕ್ಕದ ಮೇಷ್ಟ್ರನ್ನು ಕೇಳಿ ಹೇಳುತ್ತೇನೆ ಎಂದು ಬಂದಿದ್ದೇನೆ.